ಗೊರಸು, ಹುಲ್ಲು, ಮಣ್ಣು: ಪೆನ್ನಾಗರದ ಮೇವುಗಾಡಿನಲ್ಲಿ ಒಂದು ಸುತ್ತು

ಕಾಸರಗೋಡಿನಲ್ಲಿ ಚೆನ್ನೈಯ ರೈಲು ಹತ್ತಿ ಸೇಲಂನಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಧರ್ಮಪುರಿಗೆ ಹೋಗಿ, ಧರ್ಮಪುರಿಯಿಂದ ಇನ್ನೊಂದು ಬಸ್ಸಿನಲ್ಲಿ ಪಡುವಣಕ್ಕೆ ಮೂವತ್ತು ಕಿಲೋಮೀಟರಿನಷ್ಟು ಸಾಗಿದರೆ ಪೆನ್ನಾಗರಂ ಸಿಗುತ್ತದೆ. ಹೊಗೆನಕಲ್ಲಿನ ಜಲಪಾತ ನೋಡಲು ಹೊರಟವರು ಇಲ್ಲಿ ಚಹಾ ಕುಡಿದು ಮುಂದೆ ಹೋಗುತ್ತಾರೆ. ಈ ಊರನ್ನೇ ನೋಡಲೆಂದು ಬರುವವರು ವಿರಳ. ನಾವು ಈಚೆಗೆ ಅಲ್ಲಿಗೆ ಹೋದುದು ಜಲಪಾತಕ್ಕಾಗಿ ಅಲ್ಲ, ದನಗಳಿಗಾಗಿ. ಇನ್ನೂ ಸರಿಯಾಗಿ ಹೇಳುವುದಾದರೆ ದನಗಳ ಕಾಲಡಿಯ ಮಣ್ಣಿಗಾಗಿ.

ದನದ ಕಾಲಡಿಯ ಮಣ್ಣಿನಲ್ಲಿ ನೋಡುವುದಕ್ಕೇನಿದೆ ಎಂದು ವಾಚಕರು ಕೇಳಬಹುದು. ನಮ್ಮ ಕಡೆಯ ತೋಟಗಾರರಿಗೆ ಈ ಪ್ರಶ್ನೆ ಏಳಲಾರದು ಎಂದು ನಮ್ಮ ನಂಬಿಕೆ. ಹಟ್ಟಿಯಲ್ಲಿ ದನವಿಲ್ಲದೆ ಅಡಿಕೆ ತೋಟಕ್ಕೆ ಗೊಬ್ಬರವಿಲ್ಲ, ಗುಡ್ಡೆಯಲ್ಲಿ ಸೊಪ್ಪಿಲ್ಲದೆ ಹಟ್ಟಿಯಿಲ್ಲ ಎಂಬ ಲೆಕ್ಕದಲ್ಲಿ ಬೆಳೆದವರು ನಾವು. ಹಟ್ಟಿಗಳು ಬರಿದಾದ ಮೇಲೆ ಈಗ ಘಟ್ಟದ ಮೇಲಿನಿಂದ ಲಾರಿಯಲ್ಲಿ ಕುರಿಗೊಬ್ಬರದ ಚೀಲಗಳು ಬರುತ್ತವೆ. ಆ ಚೀಲದೊಳಗಿನದು ಮೊದಲು ಯಾವ ಗುಡ್ಡದ ಹುಲ್ಲಾಗಿತ್ತು, ಆ ಗುಡ್ಡದ ಗತಿ ಈಗ ಏನು ಎಂದು ನಾವು ಯಾರೂ ವಿಚಾರಿಸಿದ್ದಿಲ್ಲ.

ಪೆನ್ನಾಗರವನ್ನೇ ಆರಿಸಿದುದಕ್ಕೆ ಇನ್ನೊಂದು ಕಾರಣವಿದೆ. ಅಲ್ಲಿ ದನ, ಆಡು ಮೇಯಿಸುವವರಿಗೂ ಕಾಡು ಕಾಯುವವರಿಗೂ ನಡುವೆ ಬಹುಕಾಲದಿಂದ ಒಂದು ವ್ಯಾಜ್ಯವಿದೆ. ದನ ಮೇದು ಮೇದು ನೆಲ ಬರಡಾಯಿತು ಎನ್ನುತ್ತದೆ ಒಂದು ಪಕ್ಷ. ದನ ಮೇಯ್ದುದರಿಂದಲೇ ನೆಲ ಉಳಿಯಿತು, ಅವು ಹೋದರೆ ಮುಳ್ಳೂ ಬೆಂಕಿಯೂ ಬರುತ್ತವೆ ಎನ್ನುತ್ತದೆ ಮತ್ತೊಂದು. ಎರಡೂ ಕಡೆಯವರು ಆಣೆ ಇಡುವುದು ಮಣ್ಣಿನ ಮೇಲೆಯೇ. ಹಾಗಾದರೆ ಮಣ್ಣೇ ಏನು ಹೇಳುತ್ತದೆ ಎಂದು ನೋಡಿ ಬರುವುದು ಸರಿ ಎನಿಸಿತು.

ಊರಿನ ಪರಿಚಯ ಒಂದಿಷ್ಟು ಬೇಕು. ಧರ್ಮಪುರಿ ಜಿಲ್ಲೆ 1965ರಲ್ಲಿ ಸೇಲಂ ಜಿಲ್ಲೆಯಿಂದ ಬೇರೆಯಾದುದು. 2004ರಲ್ಲಿ ಅದರಿಂದ ಕೃಷ್ಣಗಿರಿ ಬೇರೆಯಾಯಿತು. ಇದೆಲ್ಲ ಹಿಂದೆ ಬಾರಾಮಹಲ್ ಎಂದು ಕರೆಸಿಕೊಳ್ಳುತ್ತಿದ್ದ ಸೀಮೆ. ಮೈಸೂರಿನ ಆಳ್ವಿಕೆಯಲ್ಲಿದ್ದ ಇದನ್ನು ಟಿಪ್ಪು 1792ರ ಒಪ್ಪಂದದಲ್ಲಿ ಇಂಗ್ಲಿಷರಿಗೆ ಬಿಟ್ಟುಕೊಡಬೇಕಾಯಿತು. ಅಲೆಕ್ಸಾಂಡರ್ ರೀಡ್ ಮತ್ತು ಥಾಮಸ್ ಮನ್ರೋ ಹೊಲಹೊಲ ಅಳೆದು ರೈತವಾರಿ ಕಂದಾಯಕ್ಕೆ ನೆಲೆ ಹಾಕಿದುದು ಇಲ್ಲಿಯೇ. ಈ ಮನ್ರೋನೇ ಆಮೇಲೆ ನಮ್ಮ ಕನ್ನಡ ಜಿಲ್ಲೆಗೂ ಕಲೆಕ್ಟರನಾಗಿ ಬಂದವನು. ಕಾವೇರಿಯ ಆಚೆ ದಡ ಕರ್ನಾಟಕ. ಹೊಗೆನಕಲ್ಲು ಎಂಬ ಹೆಸರೇ ಕನ್ನಡದ್ದು. ನೀರು ಬಿದ್ದು ಹೊಗೆಯೆದ್ದಂತೆ ಕಾಣುವ ಕಲ್ಲು. ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡ, ಸಂತೆಯಲ್ಲಿ ತಮಿಳು ಆಡುವ ಜನ ಈಗಲೂ ಇದ್ದಾರೆ. ಮನೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು ಎಂಬ ಪಾಡು ಏನೆಂದು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

ಮಳೆ ನಮ್ಮಲ್ಲಿಯ ಕಾಲು ಭಾಗ. ನಮಗೆ ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಸುರಿದರೆ ಅವರಿಗೆ 850ರ ಆಸುಪಾಸು. ಅದೂ ಒಂದೇ ಸಮನೆ ಬರುವುದಲ್ಲ. ಮುಂಗಾರಿನಲ್ಲಿ ಒಂದಿಷ್ಟು, ತುಲಾಮಾಸದ ಹೊತ್ತಿಗೆ ಗುಡುಗು ಸಿಡಿಲಿನೊಡನೆ ಒಂದಿಷ್ಟು. ಕೆಂಪು ಮಣ್ಣು, ಅಡಿಯಲ್ಲಿ ಬಂಡೆ. ರಾಗಿ, ಸಾಮೆ, ಹುರುಳಿ, ಅವರೆ, ನೆಲಗಡಲೆ ಹೊಲದ ಬೆಳೆಗಳು. ಹುಣಿಸೆ ಮರಗಳು ದಾರಿಯುದ್ದಕ್ಕೂ. ಹೊಲ ಮುಗಿದಲ್ಲಿಂದ ಕುರುಚಲು ಕಾಡು ಸುರುವಾಗಿ ಕಾವೇರಿಯ ಕಮರಿಯವರೆಗೆ ಇಳಿಯುತ್ತದೆ. ಆ ಕುರುಚಲು ಕಾಡೇ ಇಲ್ಲಿಯ ಹುಲ್ಲುಗಾವಲು. ಇಂಥ ನೆಲವನ್ನು ಪಾಳು ಎಂದು ಬರೆದಿಡುವ ರೂಢಿ ಕಂದಾಯ ಇಲಾಖೆಗೆ ಮನ್ರೋನ ಕಾಲದಿಂದ ಬಂದದ್ದು. ಉತ್ತ ನೆಲ ರೈತನದು, ಉಳಿದುದೆಲ್ಲ ಸರಕಾರದ್ದು ಎಂದಾಯಿತು. 1882ರ ಮದರಾಸು ಅರಣ್ಯ ಕಾಯಿದೆ ಬಂದ ಮೇಲೆ ಆ ಉಳಿದುದರಲ್ಲಿ ಬಹುಪಾಲು ಕಾದಿಟ್ಟ ಕಾಡಾಯಿತು. ದನ ಮೇಯಿಸುವವನು ಅಂದಿನಿಂದ ತನ್ನ ಅಜ್ಜನ ಗುಡ್ಡದಲ್ಲಿ ಚೀಟಿ ಹಿಡಿದ ಬಾಡಿಗೆದಾರ.

ಆಲಂಬಾಡಿಯ ದನ

ಈ ಕಾಡು ಒಂದು ತಳಿಯನ್ನೇ ಬೆಳೆಸಿತ್ತು. ಹೊಗೆನಕಲ್ಲಿಗೆ ಹತ್ತಿರ, ಕಾವೇರಿಯ ಕರ್ನಾಟಕದ ಬದಿಯಲ್ಲಿ ಆಲಂಬಾಡಿ ಎಂಬ ಊರಿದೆ. ಆ ಹೆಸರಿನ ದನಗಳು ನದಿಯ ಎರಡೂ ದಡದ ಗುಡ್ಡಗಳಲ್ಲಿ, ಮುಖ್ಯವಾಗಿ ಪೆನ್ನಾಗರದ ಸುತ್ತಿನಲ್ಲಿ ಬೆಳೆದವು. ಹಳ್ಳಿಕಾರಿನ ಹತ್ತಿರದ ಬಳಗ. ಬೂದು ಬಣ್ಣ, ಎತ್ತಾದರೆ ಕಪ್ಪಿಗೆ ತಿರುಗುತ್ತದೆ. ಹಾಲು ಅಷ್ಟಕ್ಕಷ್ಟೆ, ನೊಗಕ್ಕೆ ಕಟ್ಟಿದರೆ ಮಾತ್ರ ದಣಿವು ಗೊತ್ತಿಲ್ಲ. ಹಗಲು ಕಾಡಿನಲ್ಲಿ ಮೇದು ರಾತ್ರಿ ದೊಡ್ಡಿಯಲ್ಲಿ ಕೂಡಿಹಾಕಿಸಿಕೊಳ್ಳುವ ದನ ಇದು. ಹಿಂಡಿ, ಬೂಸ ಎಂದರೇನೆಂದು ತಿಳಿಯದ ಜಾತಿ. ಆಲಂಬಾಡಿ ಇದ್ದ ಕೊಳ್ಳೇಗಾಲ ತಾಲೂಕು 1956ರವರೆಗೆ ಮದರಾಸು ರಾಜ್ಯದ ಕೊಯಮುತ್ತೂರು ಜಿಲ್ಲೆಯಲ್ಲಿತ್ತು. ಅದೇ ನವೆಂಬರ್ ಒಂದರಂದು ಅದು ಮೈಸೂರಿಗೆ ಹೋಯಿತು, ನಾವು ಕೇರಳಕ್ಕೆ ಬಂದೆವು. ಗಡಿ ಎಳೆದವರಿಗೆ ದನಗಳನ್ನು ಕೇಳಬೇಕೆಂದು ತೋರಲಿಲ್ಲ, ಜನರನ್ನೇ ಕೇಳದವರಿಗೆ ಅದು ತೋರುವುದಾದರೂ ಹೇಗೆ.

ಕಪಿಲೆ ಬಾವಿಗಳಿಗೆ ವಿದ್ಯುತ್ ಪಂಪು ಬಂತು, ನೇಗಿಲಿಗೆ ಟ್ರಾಕ್ಟರು ಬಂತು. ಎತ್ತಿನ ಬೇಡಿಕೆ ಕುಸಿದೊಡನೆ ಆಲಂಬಾಡಿಯ ಮಂದೆಗಳೂ ಕರಗಿದವು. ತಮಿಳುನಾಡಿನ ಪಶುವೈದ್ಯ ವಿಶ್ವವಿದ್ಯಾಲಯ ಈಗ ಧರ್ಮಪುರಿ ಜಿಲ್ಲೆಯಲ್ಲಿ ಈ ತಳಿಗೆಂದೇ ಒಂದು ಸಂಶೋಧನಾ ಕೇಂದ್ರವನ್ನು ತೆರೆದಿದೆ. ತಳಿ ಉಳಿಸುವ ಕೇಂದ್ರ ಬಂತೆಂದರೆ ತಳಿ ಹೋಗುವ ಹಾದಿಯಲ್ಲಿದೆ ಎಂದೇ ಅರ್ಥ. ನಮ್ಮ ಕಾಸರಗೋಡು ಗಿಡ್ಡದ ಕಥೆಯೂ ಅದೇ ತಾನೆ.

ಆದರೆ ದನ ಕಡಿಮೆಯಾಯಿತೆಂದು ಮೇಯುವ ಬಾಯಿಗಳು ಕಡಿಮೆಯಾಗಿವೆ ಎಂದುಕೊಳ್ಳುವಂತಿಲ್ಲ. ಸಂತೆಯಲ್ಲಿ ಆಡಿಗೆ ಬೆಲೆಯಿದೆ. ದನ ಬಿಟ್ಟವರು ಆಡು ಹಿಡಿದರು. ಎತ್ತು ದೂರದ ಕಾಡಿಗೆ ಹೋಗಿ ತಿಂಗಳುಗಟ್ಟಲೆ ದೊಡ್ಡಿಯಲ್ಲಿ ಇರುತ್ತಿತ್ತು. ಆಡು ಸಂಜೆ ಮನೆಗೆ ಬರಬೇಕು. ಹೀಗಾಗಿ ದೂರದ ಕಾಡಿನ ಮೇಲಿದ್ದ ಭಾರವು ಊರಿನ ಹತ್ತಿರದ ಗುಡ್ಡಗಳ ಮೇಲೆ ಬಿದ್ದಿದೆ. ಮಣ್ಣಿನ ಪ್ರಶ್ನೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಎಷ್ಟು ಪ್ರಾಣಿ ಎಂಬುದಕ್ಕಿಂತ ಎಲ್ಲಿ, ಯಾವಾಗ, ಎಷ್ಟು ದಿನ ಎಂಬುದೇ ದೊಡ್ಡದು ಎಂದು ಈ ಶಾಸ್ತ್ರ ಬಲ್ಲವರು ಹೇಳುತ್ತಾರೆ. ನಾವು ಕಣ್ಣಾರೆ ಕಂಡುದೂ ಅದನ್ನೇ.

ಡಬ್ಬಿಯ ನೀರು

ತಳವಿಲ್ಲದ ಒಂದು ಹಾಲಿನ ಪುಡಿಯ ಡಬ್ಬಿಯನ್ನು ನಾವು ಜೊತೆಗೆ ಒಯ್ದಿದ್ದೆವು. ಅದನ್ನು ನೆಲಕ್ಕೆ ಒತ್ತಿ ಊರಿ, ಒಂದು ಅಳತೆ ನೀರು ಹೊಯ್ದು, ಅದು ಇಂಗಲು ಹಿಡಿಯುವ ಹೊತ್ತನ್ನು ನೋಡುವುದು. ಪ್ರಯೋಗಶಾಲೆಯವರು ನಕ್ಕಾರು, ನಗಲಿ. ಮಣ್ಣಿನ ಆರೋಗ್ಯವನ್ನು ತಿಳಿಯಲು ಬಡವನ ಕೈಯಲ್ಲಿರುವ ಉಪಕರಣ ಇದು, ಅವರ ಯಂತ್ರದ ತತ್ವವೂ ಇದೇ.

ಮೊದಲು ಊರಿನ ಅಂಚಿನಲ್ಲಿ, ದನ ಮತ್ತು ಆಡು ದಿನವೂ ಕೆರೆಗೆ ನಡೆದುಹೋಗುವ ದಾರಿಯ ಬದಿಯಲ್ಲಿ ಊರಿದೆವು. ಊರಲೇ ಕಷ್ಟವಾಯಿತು; ನೆಲ ಸಿಮೆಂಟು ಬಳಿದಂತಿತ್ತು. ಹೊಯ್ದ ನೀರು ಡಬ್ಬಿಯಲ್ಲಿ ಕನ್ನಡಿಯಂತೆ ನಿಂತಿತು. ಒಂದು ಬೀಡಿ ಸೇದಿ ಮುಗಿಸಿದವರು ಇನ್ನೊಂದಕ್ಕೆ ಕಡ್ಡಿ ಗೀರಿದರೂ ನೀರು ಅಲ್ಲಿಯೇ ಇತ್ತು. ಅಲ್ಲಿಂದ ಒಂದು ಫರ್ಲಾಂಗು ದೂರದಲ್ಲಿ ಗ್ರಾಮದೇವತೆಯ ಬನವಿದೆ. ಸುತ್ತ ಕಳ್ಳಿಯ ಬೇಲಿ, ಒಳಗೆ ದನ ಬಿಡುವಂತಿಲ್ಲ. ಅಪ್ಪಣೆ ಕೇಳಿ ಬೇಲಿಯ ಒಳಬದಿಯಲ್ಲಿ ಡಬ್ಬಿ ಊರಿ ಅಷ್ಟೇ ನೀರು ಹೊಯ್ದರೆ, ಚೊಂಬು ಕೆಳಗಿಡುವಷ್ಟರಲ್ಲಿ ಡಬ್ಬಿ ಬರಿದಾಗಿತ್ತು. ಮಣ್ಣು ಅದೇ ಕೆಂಪು ಮಣ್ಣು, ಮಳೆ ಅದೇ ಮಳೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಮ್ಮ ಲೇಖನ ಕಾಡಿನ ಇಲಾಖೆಯವರಿಗೆ ಬಹಳ ಹಿಡಿಸುತ್ತಿತ್ತು. ಮೂರನೆಯ ಜಾಗವೊಂದಿತ್ತು. ಕಾಡಿನ ಅಂಚಿನಲ್ಲಿ, ಮಳೆ ಸುರುವಾದ ಮೇಲೆ ಎರಡು ತಿಂಗಳು ದನ ಬಿಡದೆ, ಹುಲ್ಲು ಬೀಜ ಕಟ್ಟಿದ ಮೇಲೆಯೇ ಬಿಡುವ ಒಂದು ತುಂಡು ನೆಲ. ನಾಲ್ಕೈದು ಮನೆಯವರು ತಮ್ಮೊಳಗೆ ಮಾಡಿಕೊಂಡ ಕಟ್ಟು. ಅಲ್ಲಿ ದನ ಮೇಯುತ್ತದೆ, ಸೆಗಣಿ ಬೀಳುತ್ತದೆ, ಗೊರಸಿನ ಗುರುತೂ ಇದೆ. ನೀರು ಬನದೊಳಗಿನಷ್ಟು ಬೇಗ ಇಂಗಲಿಲ್ಲ, ಆದರೆ ಇಂಗಿತು. ಬುಡವನ್ನು ಕೆದಕಿದರೆ ಬೇರಿನ ಜಾಲ ಕೈಗೆ ಸಿಕ್ಕಿತು, ಎರೆಹುಳದ ಹಿಕ್ಕೆಯೂ ಸಿಕ್ಕಿತು. ಒಂದೇ ದನ ಒಂದು ಕಡೆ ನೆಲವನ್ನು ಸಿಮೆಂಟು ಮಾಡುತ್ತದೆ, ಇನ್ನೊಂದು ಕಡೆ ಮಾಡುವುದಿಲ್ಲ. ಏಕೆ?

ನಾಲ್ಕು ಕಾಲು, ಒಂದು ಬಾಯಿ

ಗೊರಸಿನಿಂದ ಸುರುಮಾಡೋಣ. ಸುಮ್ಮನೆ ನಿಂತ ಹಸುವಿನ ಗೊರಸು ನೆಲವನ್ನು ಚದರ ಸೆಂಟಿಮೀಟರಿಗೆ ಒಂದೂವರೆ ಕಿಲೋವಿನ ಸುತ್ತಮುತ್ತ ಒತ್ತುತ್ತದೆ. ನಡೆಯುವಾಗ ಕಾಲು ಎತ್ತಿ ಇಡುವುದರಿಂದ ಒತ್ತಡ ಇನ್ನೂ ಹೆಚ್ಚು. ಆರೋಗ್ಯದ ಮಣ್ಣಿನ ಅರ್ಧದಷ್ಟು ಬರಿಯ ತೆರಪು. ಆ ತೆರಪಿನಲ್ಲಿ ಗಾಳಿ, ನೀರು, ಬೇರು, ಹುಳು ಎಲ್ಲ ಇರುತ್ತವೆ. ಒಣಗಿದ ನೆಲದ ಮೇಲೆ ಗೊರಸು ಬಿದ್ದರೆ ಮೇಲಿನ ಹೊಪ್ಪಳೆ ಒಡೆಯುತ್ತದೆ, ಕೆಲವೊಮ್ಮೆ ಅದರಿಂದ ಬೀಜಕ್ಕೆ ಅನುಕೂಲವೇ. ತೊಯ್ದ ನೆಲದ ಮೇಲೆ ಬಿದ್ದರೆ ತೆರಪು ಮುಚ್ಚಿಹೋಗುತ್ತದೆ. ಹದವಾಗಿ ತೊಯ್ದ ಜೇಡಿಯನ್ನು ಇಟ್ಟಿಗೆಯ ಅಚ್ಚಿಗೆ ಮೆಟ್ಟುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಆದ್ದರಿಂದ ದನ ಮೇಯಿಸುವುದರಲ್ಲಿ ಅತ್ಯಂತ ಕೆಟ್ಟ ಹೊತ್ತೆಂದರೆ ಮಳೆ ಬಂದ ಮಾರನೆಯ ಬೆಳಗ್ಗೆ. ಎಳೆ ಹುಲ್ಲು ಚಿಗುರಿದೆ ಎಂದು ಎಲ್ಲರೂ ಹಟ್ಟಿಯ ಬಾಗಿಲು ತೆರೆಯುವುದೂ ಅಂದೇ.

ಇನ್ನು ಬಾಯಿ. ಹುಲ್ಲು ತನ್ನ ಆಹಾರವನ್ನು ಎಲೆಯಲ್ಲಿ ಸಿದ್ಧಪಡಿಸಿ ಬೇರಿಗೆ ಕಳಿಸುತ್ತದೆ. ಎಲೆಯ ಅರ್ಧದೊಳಗೆ ಮೇದರೆ ಬೇರಿಗೆ ಅದರ ಸುದ್ದಿಯೇ ತಿಳಿಯದು. ಅರ್ಧ ದಾಟಿತೋ, ಬೇರು ಬೆಳೆಯುವುದನ್ನು ನಿಲ್ಲಿಸುತ್ತದೆ. ಅಮೇರಿಕದ ಕೃಷಿ ಇಲಾಖೆಯ ಕ್ರೈಡರ್ ಎಂಬ ವಿಜ್ಞಾನಿ 1955ರಲ್ಲಿ ಇದನ್ನು ಹುಲ್ಲು ಕತ್ತರಿಸಿ ಕತ್ತರಿಸಿ ತೋರಿಸಿದ. ನೂರಕ್ಕೆ ಎಂಬತ್ತು ತೊಂಬತ್ತು ಪಾಲು ಎಲೆ ಹೋದರೆ ಎರಡು ವಾರಗಳ ಸುತ್ತ ಬೇರು ಅಲುಗುವುದಿಲ್ಲ. ಆ ಎರಡು ವಾರದೊಳಗೆ ಅದೇ ಬುಡವನ್ನು ಆಡು ಮತ್ತೆ ಮೇದರೆ? ಬೇರು ಕುಗ್ಗುತ್ತದೆ, ಬುಡ ಸಾಯುತ್ತದೆ. ವರ್ಷವರ್ಷ ಅದೇ ಬುಡದಿಂದ ಚಿಗುರುವ ಒಳ್ಳೆಯ ಹುಲ್ಲು ಮೊದಲು ಹೋಗುತ್ತದೆ, ಏಕೆಂದರೆ ರುಚಿಯಿರುವುದು ಅದಕ್ಕೇ. ಅದರ ಜಾಗಕ್ಕೆ ಒಂದು ಮಳೆಗೆ ಹುಟ್ಟಿ ಒಂದು ಬಿಸಿಲಿಗೆ ಸಾಯುವ ಊಬಿನ ಹುಲ್ಲುಗಳು ಬರುತ್ತವೆ. ಅವೂ ಹೋದ ಮೇಲೆ ದನ ಮೂಸಿಯೂ ನೋಡದ ತಂಗಡಿ, ಕಳ್ಳಿ, ಲಂಟಾನ. ಪೆನ್ನಾಗರದ ಹತ್ತಿರದ ಗುಡ್ಡಗಳಲ್ಲಿ ತಂಗಡಿಯ ಹಳದಿ ಹೂವು ನೋಡಲು ಬಹಳ ಚೆಂದ. ನಮ್ಮ ಜೊತೆಗಾರರೊಬ್ಬರು ಚಿತ್ರ ತೆಗೆದುಕೊಂಡರು. ಆ ಚೆಂದ ಮಣ್ಣಿನ ಕಾಯಿಲೆಯ ಗುರುತು ಎಂದು ಆಮೇಲೆ ತಿಳಿಯಿತು.

ಬುಡ ಸತ್ತು ನೆಲ ಬೋಳಾದರೆ ಮುಂದಿನ ಕೆಲಸವನ್ನು ಮಳೆಯೇ ಮಾಡುತ್ತದೆ. ಹನಿ ನೇರ ಮಣ್ಣಿನ ಮೇಲೆ ಬಿದ್ದು ಹೆಂಟೆಯನ್ನು ಒಡೆಯುತ್ತದೆ. ಒಡೆದ ನಯವಾದ ಹುಡಿ ತೆರಪುಗಳಲ್ಲಿ ಸೇರಿ ಅವನ್ನು ಮುಚ್ಚುತ್ತದೆ. ಮೇಲೊಂದು ಹೊಪ್ಪಳೆ ಕಟ್ಟುತ್ತದೆ. ಮುಂದಿನ ಮಳೆ ಇಂಗುವುದಿಲ್ಲ, ಹರಿಯುತ್ತದೆ. ನಾವು ಅಲ್ಲಿದ್ದ ಎರಡನೆಯ ಸಂಜೆ ಅರ್ಧ ಗಂಟೆಯ ಮಳೆ ಬಂತು. ಹೊಗೆನಕಲ್ಲಿನ ಘಾಟಿಯ ಮೋರಿಗಳಲ್ಲಿ ಹರಿದುದು ನೀರಲ್ಲ, ಕೆಂಪು ಗಂಜಿ. ಅದು ಹಳ್ಳಕ್ಕೆ, ಹಳ್ಳ ಕಾವೇರಿಗೆ, ಕಾವೇರಿ ಕೆಳಗಿನ ಮೆಟ್ಟೂರಿನ ಸ್ಟಾನ್ಲಿ ಜಲಾಶಯಕ್ಕೆ. 1934ರಲ್ಲಿ ಮುಗಿದ ಆ ಅಣೆಕಟ್ಟಿನ ತಳದಲ್ಲಿ ಅಂದಿನಿಂದ ಎಷ್ಟು ಗುಡ್ಡಗಳ ಮೇಲ್ಮಣ್ಣು ಹೋಗಿ ಕೂತಿದೆಯೋ. ಕಾವೇರಿಯ ನೀರಿಗಾಗಿ ಎರಡು ರಾಜ್ಯ ನೂರು ವರ್ಷ ಜಗಳಾಡಿವೆ. ಮಣ್ಣು ಕೊಡಿ ಎಂದು ಯಾರೂ ಕೋರ್ಟಿಗೆ ಹೋದುದಿಲ್ಲ.

ಸೆಗಣಿಯ ಲೆಕ್ಕ

ದನ ನೆಲಕ್ಕೆ ಕೊಡುವುದೂ ಇದೆ. ಅದು ತಿಂದ ಮೇವಿನ ಸಾರಜನಕದಲ್ಲಿ ನೂರಕ್ಕೆ ಎಪ್ಪತ್ತೈದರಿಂದ ತೊಂಬತ್ತೈದು ಪಾಲು ಸೆಗಣಿ ಗಂಜಳಗಳಲ್ಲಿ ಹಿಂದೆ ಬರುತ್ತದೆ. ಹುಲ್ಲು ತಾನಾಗಿ ಒಣಗಿ ನಿಂತರೆ ಇಂಥ ಒಣಸೀಮೆಯಲ್ಲಿ ಅದು ಕೊಳೆಯಲು ವರ್ಷಗಳು ಬೇಕು, ಅದಕ್ಕೆ ಮೊದಲೇ ಬೆಂಕಿ ಬೀಳುತ್ತದೆ. ದನದ ಹೊಟ್ಟೆಯ ಮೂಲಕ ಬಂದರೆ ಎರಡು ದಿನದ ಕೆಲಸ. ಬಿದ್ದ ಸೆಗಣಿಯನ್ನು ಸಗಣಿಹುಳ ಉಂಡೆ ಕಟ್ಟಿ ನೆಲದೊಳಕ್ಕೆ ಒಯ್ಯುತ್ತದೆ. ಗೊಬ್ಬರವೂ ಹೋಯಿತು, ಬಿಲವೂ ಆಯಿತು. ಈ ಹುಳದ ಬೆಲೆ ತಿಳಿಯಬೇಕಾದರೆ ಅದಿಲ್ಲದ ದೇಶವನ್ನು ನೋಡಬೇಕು. ಆಸ್ಟ್ರೇಲಿಯದ ಹುಳಗಳಿಗೆ ಕಾಂಗರೂವಿನ ಹಿಕ್ಕೆ ಗೊತ್ತು, ಹೊರಗಿನಿಂದ ತಂದ ಹಸುಗಳ ಸೆಗಣಿ ಗೊತ್ತಿಲ್ಲ. ಸೆಗಣಿ ಹುಲ್ಲುಗಾವಲಿನ ಮೇಲೆ ಹಪ್ಪಳದಂತೆ ಒಣಗಿ ಹುಲ್ಲನ್ನೇ ಮುಚ್ಚತೊಡಗಿತು, ನೊಣ ವಿಪರೀತವಾಯಿತು. ಕೊನೆಗೆ ಬೋರ್ನೆಮಿಸ್ಸಾ ಎಂಬ ವಿಜ್ಞಾನಿಯ ಯೋಜನೆಯಂತೆ 1968ರಿಂದ ಹೊರದೇಶಗಳ ಸಗಣಿಹುಳಗಳನ್ನು ತರಿಸಿ ಬಿಡಬೇಕಾಯಿತು. ನಮ್ಮ ಹೊಲಗಳಲ್ಲಿ ಅವು ಕೇಳದೆ ದುಡಿಯುತ್ತವೆ.

ಆದರೆ ಸೆಗಣಿ ಬಿದ್ದಲ್ಲಿಯೇ ಉಳಿದರೆ ತಾನೆ? ಹಗಲು ಹತ್ತು ಗುಡ್ಡ ಮೇದ ದನ ರಾತ್ರಿಯಿಡೀ ಒಂದು ದೊಡ್ಡಿಯಲ್ಲಿ ನಿಲ್ಲುತ್ತದೆ. ಹತ್ತು ಗುಡ್ಡದ ಸತ್ವ ಒಂದು ದೊಡ್ಡಿಯಲ್ಲಿ ಗುಡ್ಡೆ ಬೀಳುತ್ತದೆ. ಹಿಂದೆ ಅದು ಊರಿನ ರಾಗಿ ಹೊಲಕ್ಕೆ ಹೋಗುತ್ತಿತ್ತು. ಈಗ ಲಾರಿ ಏರುತ್ತದೆ. ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ ಇದನ್ನು ಕೂಲಂಕಷವಾಗಿ ನೋಡಿ ಎಂ. ಡಿ. ಮಧುಸೂದನ್ ಎಂಬ ವಿಜ್ಞಾನಿ 2005ರಲ್ಲಿ ಒಂದು ಲೇಖನ ಪ್ರಕಟಿಸಿದರು. ಲೋಕದ ಮಾರುಕಟ್ಟೆಯಲ್ಲಿ ಕಾಫಿಯ ಬೆಲೆ ಏರಿದಾಗ ತೋಟದವರು ಸೆಗಣಿಗೆ ಹೆಚ್ಚು ಬೆಲೆ ಕೊಡತೊಡಗಿದರು. ಆಗ ಹಳ್ಳಿಯವರು ಹಾಲಿಗಾಗಿಯಾಗಲಿ ಉಳುಮೆಗಾಗಿಯಾಗಲಿ ಅಲ್ಲ, ಸೆಗಣಿಗಾಗಿಯೇ ದನ ಸಾಕಿ ಕಾಡಿಗೆ ಅಟ್ಟಿದರು. ಎಲ್ಲಿಯ ಕಾಫಿ ಅಂಗಡಿ, ಎಲ್ಲಿಯ ಬಂಡೀಪುರದ ಹುಲ್ಲು! ಇದು ಕಾಫಿಯವರನ್ನು ದೂರುವ ಮಾತೆಂದು ಯಾರೂ ತಿಳಿಯಬಾರದು. ನಮ್ಮ ಅಡಿಕೆಯ ಬುಡದಲ್ಲಿರುವ ಕುರಿಗೊಬ್ಬರವೂ ಎಲ್ಲಿಯೋ ಒಂದು ಗುಡ್ಡದ ಉಳಿತಾಯದಿಂದ ಬಂದದ್ದೇ.

ಹುಲಿ, ಕೋರ್ಟು, ಚೀಟಿ

ವ್ಯಾಜ್ಯ ಈಗ ಯಾವ ಹಂತದಲ್ಲಿದೆ ಎಂಬುದನ್ನು ಚಿಕ್ಕದಾಗಿ ಹೇಳಬೇಕು. 2022ರ ಮಾರ್ಚಿನಲ್ಲಿ ಮದರಾಸು ಹೈಕೋರ್ಟು ತಮಿಳುನಾಡಿನ ಎಲ್ಲ ಕಾಡುಗಳಲ್ಲೂ ದನ ಮೇಯಿಸುವುದನ್ನು ನಿಷೇಧಿಸಿತು. ಗುಡ್ಡದ ಜನರಿಂದ ಕೂಗೆದ್ದಿತು. ಅದೇ ತಿಂಗಳು ಆಜ್ಞೆಯನ್ನು ಸಡಿಲಿಸಿ, ನಿಷೇಧವು ವನ್ಯಧಾಮ, ರಾಷ್ಟ್ರೀಯ ಉದ್ಯಾನ ಮತ್ತು ಹುಲಿ ಸಂರಕ್ಷಿತ ಪ್ರದೇಶಗಳಿಗೆ ಮಾತ್ರ ಎಂದಿತು. ಉಸಿರು ಬಿಟ್ಟವರಿಗೆ ಅದೇ ವರ್ಷ ನವೆಂಬರಿನಲ್ಲಿ ಇನ್ನೊಂದು ಸುದ್ದಿ ಕಾದಿತ್ತು: ಧರ್ಮಪುರಿ ಮತ್ತು ಕೃಷ್ಣಗಿರಿ ಜಿಲ್ಲೆಗಳ 686 ಚದರ ಕಿಲೋಮೀಟರು ಕಾಡು ಕಾವೇರಿ ದಕ್ಷಿಣ ವನ್ಯಧಾಮವಾಯಿತು. ಕಾವೇರಿ ಉತ್ತರ ವನ್ಯಧಾಮ 2014ರಲ್ಲಿಯೇ ಆಗಿತ್ತು. ನದಿಯಾಚೆ ಮಲೆ ಮಹದೇಶ್ವರ ವನ್ಯಧಾಮ 2013ರದು. ಅಲ್ಲಿ 2025ರ ಜೂನಿನಲ್ಲಿ ವಿಷ ಬೆರೆಸಿದ ಹಸುವಿನ ಕಳೇಬರ ತಿಂದು ಒಂದು ಹೆಣ್ಣು ಹುಲಿಯೂ ನಾಲ್ಕು ಮರಿಗಳೂ ಸತ್ತವು. ಮುಂದಿನ ತಿಂಗಳು ಕರ್ನಾಟಕದ ಅರಣ್ಯ ಸಚಿವರು ಕಾಡಿನಲ್ಲಿ ದನ ಮೇಯಿಸುವುದನ್ನು ತಡೆಯುವಂತೆ ಅಧಿಕಾರಿಗಳಿಗೆ ಸೂಚಿಸಿದರು. ನೆರೆರಾಜ್ಯದ ದನಗಳು ಇಲ್ಲಿಗೆ ಬರುತ್ತಿವೆ ಎಂಬ ಮಾತೂ ಬಂತು. ಗೋಪಾಲಕರು ವಿರೋಧಿಸಿದರು. ಹುಲಿಗೆ ವಿಷವಿಟ್ಟುದನ್ನು ಯಾರೂ ಸಮರ್ಥಿಸಲಾರರು. ಒಬ್ಬನ ಪಾಪಕ್ಕೆ ಇಡೀ ಮಂದೆಗೆ ಬೀಗವೇ ಎಂಬುದು ಅವರ ಪ್ರಶ್ನೆ. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಮೇಯಿಸುವ ಹಕ್ಕೂ ಸಮುದಾಯದ ಹಕ್ಕುಗಳಲ್ಲೊಂದು ಎಂದು ಬರೆದಿದೆ. ಅದು ಹಾಳೆಯಿಂದ ಗುಡ್ಡಕ್ಕೆ ಇಳಿಯುವ ಬಗೆ ಹೇಗೆಂದು ನಮ್ಮನ್ನು ಕೇಳಿದವರಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮಣ್ಣಿನ ಕಡೆಯಿಂದ ನೋಡಿದರೆ ಈ ನಿಷೇಧದ ಫಲ ಎರಡು ಬಗೆ. ಕಾಡಿನೊಳಗೆ ಕೆಲವು ಕಡೆ ಹುಲ್ಲು ಮರಳಿ ಬರುವುದು ದಿಟ. ಲಂಟಾನ ಮೊದಲೇ ಹಿಡಿದಿರುವ ಕಡೆ ಹುಲ್ಲು ಬರುವುದಿಲ್ಲ, ಲಂಟಾನವೇ ಬೆಳೆಯುತ್ತದೆ. ಬೇಲಿ ಹಾಕಿದರೆ ಸಾಕು, ಎಲ್ಲ ತಾನಾಗಿ ಸರಿಹೋಗುತ್ತದೆ ಎಂಬುದು ನಂಬಿಕೆಯೇ ಹೊರತು ಶಾಸ್ತ್ರವಲ್ಲ. ಕಾಡಿನಿಂದ ಹೊರಗಟ್ಟಿದ ಆಡು ದನಗಳು ಆಕಾಶಕ್ಕೆ ಹಾರುವುದೂ ಇಲ್ಲ. ಊರ ಬಳಿಯ ಮೇಯ್ಚಲ್ ಪೊರಂಬೋಕಿನ ಮೇಲೆ ಬೀಳುತ್ತವೆ. ನಮ್ಮ ಡಬ್ಬಿಯಲ್ಲಿ ನೀರು ಕನ್ನಡಿಯಂತೆ ನಿಂತದ್ದು ಅಂಥಲ್ಲಿಯೇ. ಆ ಪೊರಂಬೋಕಿನ ಅಂಚುಗಳಲ್ಲಿ ಒತ್ತುವರಿಯೂ ನಡೆದಿದೆ, ಅದರ ವಿವರಕ್ಕೆ ಈಗ ಹೋಗುವುದಿಲ್ಲ.

ದಾರಿಯೇ ಇಲ್ಲವೇ? ಪೆನ್ನಾಗರದಿಂದ ತೆಂಕಣಕ್ಕೆ, ಕಾಂಗೇಯದ ಸೀಮೆಯಲ್ಲಿ ಕೊರಂಗಾಡು ಎಂಬ ಹಳೆಯ ಪದ್ಧತಿ ಇದೆ. ಮಳೆ ಅಲ್ಲಿ ಇನ್ನೂ ಕಡಿಮೆ. ಒಬ್ಬೊಬ್ಬ ರೈತ ತನ್ನ ಕೆಲವು ಎಕರೆಗೆ ಮುಳ್ಳುಕಿಳುವೆಯ ಜೀವಂತ ಬೇಲಿ ಹಾಕಿ, ಒಳಗೆ ಅಲ್ಲಲ್ಲಿ ಬಿಳಿಜಾಲಿ ಮರ ಬಿಟ್ಟು, ಕೊಳುಕಟ್ಟೈ ಹುಲ್ಲು ಬೆಳೆಸುತ್ತಾನೆ. ಮಳೆ ಬಂದಾಗ ದನ ಬಿಡುವುದಿಲ್ಲ. ಹುಲ್ಲು ಬೆಳೆದು ಬೀಜ ಉದುರಿಸಿದ ಮೇಲೆ ಬಿಡುತ್ತಾನೆ. ಒಂದು ಪಾಲು ಮೇದಾಗ ಇನ್ನೊಂದಕ್ಕೆ ದಾಟಿಸುತ್ತಾನೆ. ಜಾಲಿಯ ಕಾಯಿ ಬೇಸಗೆಯ ಮೇವು, ನೆರಳು ದನಕ್ಕೆ, ಸೆಗಣಿ ಅಲ್ಲಿಯೇ ಹುಲ್ಲಿಗೆ. ಹೆಸರಾಂತ ಕಾಂಗೇಯಂ ಎತ್ತುಗಳು ಬೆಳೆದುದು ಈ ನೆಲದಲ್ಲಿ. ಮೈಸೂರಿನ ಅಮೃತಮಹಲ್ ಕಾವಲುಗಳಲ್ಲಿ ಕೂಡ ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ ಮಂದೆಯನ್ನು ತಿರುಗಿಸುತ್ತಿದ್ದರು. ನೆಲಕ್ಕೆ ರಜೆ ಕೊಡಬೇಕೆಂಬುದನ್ನು ಅರಮನೆಯವರೂ ಅರಿತಿದ್ದರು, ಕಾಂಗೇಯದ ಒಕ್ಕಲಿಗನೂ ಅರಿತಿದ್ದ. ಆದರೆ ಕೊರಂಗಾಡು ಸ್ವಂತದ ನೆಲ. ಪೆನ್ನಾಗರದ ಆಡು ಮೇಯಿಸುವವನಿಗೆ ಸ್ವಂತದ್ದೆಂದರೆ ಆಡು ಮಾತ್ರ. ಇಂದು ತಾನು ಬಿಟ್ಟ ಹುಲ್ಲನ್ನು ನಾಳೆ ಇನ್ನೊಬ್ಬನ ಆಡು ಮೇಯುವುದಾದರೆ ಅವನು ಏಕೆ ಬಿಟ್ಟಾನು?

ಇದೇ ಪ್ರಶ್ನೆಯನ್ನು ಗ್ಯಾರೆಟ್ ಹಾರ್ಡಿನ್ ಎಂಬಾತ 1968ರಲ್ಲಿ ಲೋಕಕ್ಕೆ ಕೇಳಿ, ಎಲ್ಲರದ್ದಾದ ಹುಲ್ಲುಗಾವಲು ಹಾಳಾಗುವುದು ತಪ್ಪದು ಎಂದು ತೀರ್ಪು ಕೊಟ್ಟುಬಿಟ್ಟ. ಎಲಿನಾರ್ ಓಸ್ಟ್ರಮ್ ಎಂಬ ವಿದುಷಿ ದೇಶದೇಶಗಳ ಹಳ್ಳಿಗಳ ಕಟ್ಟುಪಾಡುಗಳನ್ನು ಅಧ್ಯಯನ ಮಾಡಿ, ಹಾಗೇನಿಲ್ಲ, ಬಳಸುವವರೇ ನಿಯಮ ಮಾಡಿ ತಾವೇ ಕಾಯುವಲ್ಲಿ ಅದು ಉಳಿದಿದೆ ಎಂದು ತೋರಿಸಿ 2009ರಲ್ಲಿ ನೊಬೆಲ್ ಪಡೆದರು. ನಮ್ಮ ಡಬ್ಬಿಯ ಮೂರನೆಯ ಜಾಗ, ಆ ನಾಲ್ಕೈದು ಮನೆಯವರ ಕಟ್ಟು, ಓಸ್ಟ್ರಮ್ ಅವರ ಪಕ್ಷಕ್ಕೆ ಒಂದು ಚಿಕ್ಕ ಸಾಕ್ಷಿ. ಆದರೆ ಆ ಮನೆಯವರಿಗೆ ಆ ನೆಲದ ಮೇಲೆ ಕಾಗದವಿಲ್ಲ. ಯಾವಾಗ ಬೇಕಾದರೂ ಬೇಲಿ ಬರಬಹುದು. ಹಾಗಿದ್ದೂ ಅವರು ಮಳೆಯ ಎರಡು ತಿಂಗಳು ಹುಲ್ಲು ಬಿಡುತ್ತಾರೆ.

ಇದೊಂದು ಮೂಲೆಯ ಊರಿನ ಗೋಳು ಎಂದು ತಳ್ಳಿಹಾಕುವಂತಿಲ್ಲ. ಮರುಭೂಮೀಕರಣದ ವಿರುದ್ಧ ಕೆಲಸ ಮಾಡುವ ವಿಶ್ವಸಂಸ್ಥೆಯ ಅಂಗವು 2024ರಲ್ಲಿ ಕೊಟ್ಟ ವರದಿಯಂತೆ ಭೂಮಿಯ ನೆಲದಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥ ಮೇವುನೆಲ, ಅದರಲ್ಲಿ ಅರ್ಧದವರೆಗೂ ಹದಗೆಟ್ಟಿದೆ. 2026ನ್ನು ಮೇವುನೆಲಗಳ ಮತ್ತು ಪಶುಪಾಲಕರ ವರ್ಷವೆಂದು ವಿಶ್ವಸಂಸ್ಥೆ ಸಾರಿದೆ. ಪೆನ್ನಾಗರದಲ್ಲಿ ಈ ಸುದ್ದಿಯನ್ನು ನಾವೇ ಮೊದಲು ಹೇಳಿದವರು ಎಂದು ತೋರುತ್ತದೆ. ಕೇಳಿದವರು ಸಭ್ಯರಾಗಿ ತಲೆದೂಗಿದರು.

ಹೊರಡುವ ದಿನ ಸಂಜೆ, ಆ ಕಟ್ಟಿನ ಮನೆಗಳಲ್ಲೊಂದರ ಜಗಲಿಯಲ್ಲಿ ಕೂತಿದ್ದೆವು. ಮನೆಯ ಹಿರಿಯರು ಆಡುಗಳನ್ನು ದೊಡ್ಡಿಗೆ ಎಣಿಸಿ ಬಿಡುತ್ತಿದ್ದರು. ಎಣಿಕೆ ಕನ್ನಡದಲ್ಲಿ, ಬೈಗುಳ ತಮಿಳಿನಲ್ಲಿ. ಎಣಿಸಿ ಮುಗಿಸಿ ಬಂದು ಕೂತು ಕೇಳಿದರು: "ನಿಮ್ ಕಡೆ ಮೇಯಕ್ಕೆ ಗುಡ್ಡ ಐತಾ ಸಾಮಿ?"

"ಇತ್ತು ಅಜ್ಜಾ. ದೊಡ್ಡ ದೊಡ್ಡ ಪದವುಗಳು. ಈಗ ಕೆಲವು ಕಡೆ ಕಲ್ಲು ಕೊರೆಯುತ್ತಾರೆ. ಒಂದು ಕಡೆ ಬಿಸಿಲಿನಿಂದ ಕರೆಂಟು ಮಾಡುವ ಹಲಗೆಗಳನ್ನು ನೆಟ್ಟಿದ್ದಾರೆ."

"ದನ?"

"ಹತ್ತು ಮನೆಗೆ ಒಂದು ಹಟ್ಟಿ ಉಳಿದರೆ ಹೆಚ್ಚು."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮತ್ತೆ ತೋಟಕ್ಕೆ ಗೊಬ್ಬರ?"

ಚೀಲದಲ್ಲಿ ಬರುತ್ತದೆ, ಲಾರಿಯಲ್ಲಿ, ಘಟ್ಟದ ಮೇಲಿನಿಂದ, ಎಂದೆವು.

"ಯಾವ್ ಕಾಡಿಂದ ಸಾಮಿ?" ಎಂದು ಕೇಳಿ ಅವರು ನಮ್ಮ ಮುಖವನ್ನೇ ನೋಡಿದರು. ಅಷ್ಟರಲ್ಲಿ ಧರ್ಮಪುರಿಯ ಕೊನೆಯ ಬಸ್ಸಿನ ಹಾರನ್ನು ಕೇಳಿಸಿತು, ನಾವು ಎದ್ದೆವು.